ದೊಡ್ಡಹುಣಸೆ: ಬಡವರ ಮನೆಯ ಹಣ್ಣು, ನಮಗೊಂದು ಪಾಠ

ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ ಮಹಾವೃಕ್ಷಗಳ ಕಾಂಡವನ್ನು ಕಂಡು ಬೆರಗಾಗದ ಭಕ್ತರಿಲ್ಲ. ಹೆಸರಿನಲ್ಲಿ ಹುಣಸೆಯಿದ್ದರೂ ಇದು ಹುಣಸೆಯ ಕುಲದ್ದಲ್ಲ. ಆಫ್ರಿಕ ಮೂಲದ ಬಾವೊಬಾಬ್. ನಮಗೆ ದರ್ಶನೀಯವಾದ ಈ ಮರ ಆ ಖಂಡದ ಅನೇಕ ಮನೆಗಳಿಗೆ ಅನ್ನದಾತ.

ಇದರ ಹಣ್ಣು ಗಟ್ಟಿ ಕರಟದೊಳಗೆ ಮರದಲ್ಲಿಯೇ ಒಣಗುತ್ತದೆ. ಒಳಗಿನ ಬಿಳಿಯ ಹುಳಿ ತಿರುಳು ಕೆಡದೆ ಬಹುಕಾಲ ಉಳಿಯುವುದರಿಂದ, ಕಣಜ ಬರಿದಾಗಿ ಹೊಸ ಬೆಳೆ ಇನ್ನೂ ಬಾರದ ತಿಂಗಳುಗಳಲ್ಲಿ ಅದು ಕುಟುಂಬದ ಆಸರೆ. ಸೆನೆಗಲ್‌ನಲ್ಲಿ ಅದರಿಂದ ‘ಬುಯಿ’ ಎಂಬ ಪಾನೀಯ ಸಿದ್ಧವಾಗುತ್ತದೆ; ಜಿಂಬಾಬ್ವೆ, ಮಲಾವಿಗಳಲ್ಲಿ ತಿರುಳು ಗಂಜಿಗೆ ಸೇರುತ್ತದೆ. ಉತ್ತರ ನೈಜೀರಿಯದಲ್ಲಿ ಒಣಗಿದ ಎಲೆಯ ಪುಡಿಯೇ ಸಾರಿಗೆ ಆಧಾರ.

ತಿರುಳಿನಲ್ಲಿ ನಾರು, ಸುಣ್ಣದ ಅಂಶ, ‘ಸಿ’ ಜೀವಸತ್ವ ಹೇರಳ. ಧಾನ್ಯದಲ್ಲಿರುವ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ‘ಸಿ’ ಜೀವಸತ್ವ ನೆರವಾಗುತ್ತದೆ. ಆದ್ದರಿಂದ ಕಿರುಧಾನ್ಯದ ಗಂಜಿಗೆ ಈ ಹುಳಿ ಬೆರೆಸುವ ಪದ್ಧತಿ ಯುಕ್ತವಾದುದು. ಆದರೆ ಹೆಚ್ಚು ಹೊತ್ತು ಕುದಿಸಿದರೆ ಈ ಸತ್ವ ನಷ್ಟವಾಗುತ್ತದೆ. ಗಂಜಿಯನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸುವುದೇ ಲೇಸು.

2008ರಲ್ಲಿ ಐರೋಪ್ಯ ಒಕ್ಕೂಟವು ಈ ತಿರುಳನ್ನು ಆಹಾರವಾಗಿ ಮಾರಲು ಅನುಮತಿಸಿತು. ಅಂದಿನಿಂದ ದೂರದ ನಗರಗಳಲ್ಲಿಯೂ ಇದಕ್ಕೆ ಬೇಡಿಕೆ ಹುಟ್ಟಿತು. ಕಾಯಿ ಆಯುವ ಹೆಣ್ಣುಮಕ್ಕಳ ಕಾಯಕಕ್ಕೆ ಹಣ ದೊರೆಯುವುದು ಒಳ್ಳೆಯದೇ. ಆದರೆ ಬೇಡಿಕೆ ವರ್ಷದಲ್ಲಿ ಬೆಳೆಯುತ್ತದೆ, ಮರ ಬೆಳೆಯಲು ದಶಕಗಳು ಬೇಕು. ಆಯ್ದುದೆಲ್ಲ ಸಂತೆಗೆ ಹೋದರೆ ಕೈಗೆ ಕಾಸು ಬಂದೀತು. ಆ ಕಾಸಿನಿಂದ ಅಷ್ಟೇ ಪುಷ್ಟಿಯುಳ್ಳ ಆಹಾರ ಕೊಳ್ಳದಿದ್ದರೆ ಮಗುವಿನ ಗಂಜಿ ಸಪ್ಪೆಯಾಗುತ್ತದೆ. ಮನೆಯ ಪಾಲನ್ನು ತೆಗೆದಿಟ್ಟು ಮಿಕ್ಕುದನ್ನು ಮಾರುವುದೇ ವಿವೇಕ. ಹಾಲು ಮಾರುವ ನಮ್ಮ ಮನೆಗಳಿಗೂ ಈ ಮಾತು ಸಲ್ಲುತ್ತದೆ.

ಇಂದು ಈ ಪುಡಿ ನಮ್ಮ ಪೇಟೆಗೂ ಬಂದಿದೆ. ಅದರ ಹೊಗಳಿಕೆಯನ್ನು ತೂಗಿ ನೋಡಬೇಕು. 100 ಗ್ರಾಂ ಒಣಪುಡಿಯ ಲೆಕ್ಕ ದೊಡ್ಡದಾಗಿ ಕಂಡರೂ ನಾವು ಬಳಸುವುದು ಒಂದೆರಡು ಚಮಚ ಮಾತ್ರ. ‘ಸಿ’ ಜೀವಸತ್ವಕ್ಕಾಗಿಯೇ ಆದರೆ ಹಿತ್ತಲಿನ ಒಂದು ಹಸಿ ನೆಲ್ಲಿಕಾಯಿ ಸಾಕು. ಮಧುಮೇಹಿಗಳು ಸಕ್ಕರೆ ಬೆರೆತ ಇಂಥ ಪಾನೀಯಗಳಿಂದ ದೂರವಿರಬೇಕು.

ನಮ್ಮ ನಿತ್ಯದ ಹುಣಸೆಯ ತವರೂ ಆಫ್ರಿಕವೇ. ಹೊರಗಿನದೆಂದು ಹಳಿಯುವುದೂ ಬೇಡ, ಹೊರಗಿನದೆಂದು ಮರುಳಾಗುವುದೂ ಬೇಡ. ನೆಲ್ಲಿ, ನೇರಳೆ, ಬೇಲಗಳನ್ನು ಮೊದಲು ಮನೆಯ ಮಕ್ಕಳಿಗೆ ಉಣಿಸೋಣ. ದೇಹವನ್ನು ಪ್ರಸಾದಕಾಯವೆಂದು ಭಾವಿಸುವವರಿಗೆ ಇದೂ ಒಂದು ವ್ರತವೇ.