ಟೆಸ್ಟ್ ಶಾಟ್ ಮೊದಲು, ಪಟ್ಟಿ ಆಮೇಲೆ

ಪ್ರೀತಿಯ ತಮ್ಮಾ,

ಶಾಟ್ ಪಟ್ಟಿ ಬರೆದು ಮುಗಿಸಿ, ಶೂಟಿಂಗಿನ ಹಿಂದಿನ ದಿನ ಒಂದೆರಡು ಟೆಸ್ಟ್ ಶಾಟ್ ತೆಗೆದು, ಕ್ಯಾಮೆರಾ ಸರಿಯಿದೆ ಎಂದು ನೆಮ್ಮದಿಯಾಗುವುದು ವಿದ್ಯಾರ್ಥಿಗಳ ರೂಢಿ. ಅಹಮದಾಬಾದಿನ ಹಳೇ ಊರಲ್ಲೂ ಸೂರತ್ತಿನ ಮಗ್ಗದ ಶೆಡ್ಡಲ್ಲೂ ಕಿರುಚಿತ್ರ ಮಾಡಹೊರಟಿರುವ ನೀನು ಈ ಕ್ರಮವನ್ನು ತಿರುವಿಹಾಕು. ಮೊದಲು ಪರೀಕ್ಷೆಗೆ ಕೂರಬೇಕಾದ್ದು ನೀನು ಬರೆದ ದೃಶ್ಯ. ನಡುಹಗಲ ಬಿಸಿಲಲ್ಲಿ ಅಜ್ಜಿ ಜಗಲಿಯ ಮೇಲೆ ಕೂತಿದ್ದಾಳೆ ಎಂದು ಕೋಣೆಯೊಳಗೆ ಕೂತು ಬರೆಯುವುದು ಸುಲಭ. ಆದರೆ ಅಹಮದಾಬಾದ್ ಇರುವುದು ಸುಮಾರು 23 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ಕೊನೆಗೆ ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಡಿಸೆಂಬರ್ ಕೊನೆಗೆ ದಿಗಂತದಿಂದ 44 ಡಿಗ್ರಿ ಎತ್ತರವನ್ನೂ ಮುಟ್ಟುವುದಿಲ್ಲ. ಪೋಳ್ ಎಂಬ ಆ ಇಕ್ಕಟ್ಟು ಕೇರಿಗಳಲ್ಲಿ, ಓಣಿ ಪೂರ್ವ-ಪಶ್ಚಿಮವಾಗಿದ್ದರೆ, ಚಳಿಗಾಲದ ಬಿಸಿಲು ಮಾಳಿಗೆಯ ಮರದ ಕೆತ್ತನೆಯನ್ನು ಸವರಿ ಅಲ್ಲೇ ನಿಲ್ಲುತ್ತದೆ, ಜಗಲಿಗೆ ಇಳಿಯುವುದಿಲ್ಲ. ಹಾಗಾದರೆ ಅಜ್ಜಿಯನ್ನು ಮಾಳಿಗೆಗೆ ಹತ್ತಿಸಬೇಕೋ, ನೆರಳಲ್ಲೇ ಕೂರಿಸಬೇಕೋ? ಇದು ಕತೆಯ ಪ್ರಶ್ನೆ. ಶೂಟಿಂಗ್ ನಡೆಯುವ ತಿಂಗಳಲ್ಲೇ, ಬೇರೆಬೇರೆ ಹೊತ್ತಿನಲ್ಲಿ ಟೆಸ್ಟ್ ಶಾಟ್ ತೆಗೆದು ಗಂಟೆ, ದಿಕ್ಕು ಬರೆದಿಟ್ಟುಕೊಂಡವನಿಗೆ ಮಾತ್ರ ಅದು ಸಮಯಕ್ಕೆ ಸರಿಯಾಗಿ ಎದುರಾಗುತ್ತದೆ.

ಎಲ್ಲವನ್ನೂ ಮೊದಲೇ ನೋಡಿಬಿಟ್ಟರೆ ಸಹಜತೆ ಸಾಯುತ್ತದೆ ಎಂದು ನಿನ್ನ ಗೆಳೆಯರು ವಾದಿಸಿಯಾರು. ವಡೋದರಾದ ಲಲಿತಕಲಾ ವಿದ್ಯಾರ್ಥಿಗೆ ಸ್ಕೆಚ್ ಪುಸ್ತಕ ಯಾಕೆ ಎಂದು ಮಾತ್ರ ಇವರು ಕೇಳುವುದಿಲ್ಲ, ಇರಲಿ. ಮಳೆಯಲ್ಲಿ, ಮಂದ ಬೆಳಕಿನಲ್ಲಿ ಹೊರಾಂಗಣ ಚಿತ್ರೀಕರಣ ಆಗದು ಎಂದವರಿಗೆ ಉತ್ತರವಾಗಿ ಸತ್ಯಜಿತ್ ರೇ 'ಪಥೇರ್ ಪಾಂಚಾಲಿ'ಗೆ ಮೊದಲೇ ಎರವಲು 16 ಎಂಎಂ ಕ್ಯಾಮೆರಾ ಹಿಡಿದು ಹಳ್ಳಿಗೆ ಹೋಗಿ ತೆಗೆದು ನೋಡಿದ್ದರು. ಅಷ್ಟು ಮಾಡಿಯೂ, 1952ರ ಅಕ್ಟೋಬರಿನಲ್ಲಿ ಶೂಟಿಂಗ್ ಶುರುಮಾಡಿ ಮುಂದಿನ ವಾರ ಮತ್ತೆ ಹೋಗುವಷ್ಟರಲ್ಲಿ ದೃಶ್ಯಕ್ಕೆ ಬೇಕಿದ್ದ ಕಾಶ ಹುಲ್ಲಿನ ಹೂಗಳನ್ನು ದನ ಮೇದಿದ್ದವು; ಆ ದೃಶ್ಯ ಮುಂದಿನ ವರ್ಷದ ಹೂವಿಗೆ ಕಾಯಬೇಕಾಯಿತು. ಟೆಸ್ಟ್ ಶಾಟ್ ಆಕಸ್ಮಿಕವನ್ನು ತಡೆಯುವುದಿಲ್ಲ. ತಿಳಿಯಬಹುದಾದದ್ದನ್ನು ಮೊದಲೇ ತಿಳಿದಿದ್ದರೆ, ತಿಳಿಯದ್ದು ಎದುರಾದಾಗ ಅದಕ್ಕೆ ಕೊಡಲು ಹೊತ್ತು, ತಲೆ ಎರಡೂ ಉಳಿದಿರುತ್ತವೆ.

ಖರ್ಚಿನ ಮಾತೂ ಬರುತ್ತದೆ: ಫೋನ್ ಸಾಲದೇ? ಬಿಸಿಲಿನ ದಾರಿ, ನಡಿಗೆಯ ವೇಗ, ಯಾರು ಎಲ್ಲಿ ನಿಲ್ಲಬೇಕು, ಇಷ್ಟಕ್ಕೆ ಧಾರಾಳವಾಗಿ ಸಾಕು. ಸೂರತ್ತಿನ ಶೆಡ್ಡಿಗೆ ಮಾತ್ರ ಸಾಲದು. ನಮ್ಮ ವಿದ್ಯುತ್ತು 50 ಹರ್ಟ್ಸಿನದು. ಹಳೇ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. 24 ಫ್ರೇಮಿಗೆ ರೂಢಿಯ 1/48 ಷಟರ್ ಇಟ್ಟರೆ ಬೆಳಕು ತುಯ್ಯಬಹುದು, 1/50ಕ್ಕೆ ಬಂದರೆ ನಿಲ್ಲುತ್ತದೆ. ಅಗ್ಗದ ಎಲ್‌ಇಡಿಗಳಲ್ಲಿ ಕೆಲವು ಅದಕ್ಕೂ ಬಗ್ಗುವುದಿಲ್ಲ. ಫೋನು ಈ ಮಿನುಗನ್ನು ತಾನೇ ಸರಿಪಡಿಸಿಕೊಂಡು ನಿನ್ನಿಂದ ಮುಚ್ಚಿಡುವುದೂ ಉಂಟು. ಹಾಗಾಗಿ ಶೂಟ್ ಮಾಡುವ ಕ್ಯಾಮೆರಾವನ್ನೇ ಒಂದು ಗಂಟೆಯ ಮಟ್ಟಿಗಾದರೂ ಅಲ್ಲಿಗೆ ಒಯ್ಯಿ. ಮೈಕೂ ಜೊತೆಗಿರಲಿ. ಪವರ್‌ಲೂಮಿನ ಸದ್ದಿನಲ್ಲಿ ಸಂಭಾಷಣೆ ಮುಳುಗಿಹೋದರೆ ತಕ್ಷಣ ಡಬ್ಬಿಂಗಿನ ಕಡೆ ಓಡಬೇಡ. ಅಲ್ಲಿನ ಕೆಲಸಗಾರರು ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಾರೆ ನೋಡು, ನಿನ್ನ ಕತೆಯಲ್ಲಿ ಶೆಡ್ಡಿನೊಳಗೆ ನಡೆಯುವ ಅಣ್ಣತಮ್ಮಂದಿರ ಜಗಳವನ್ನು ಮಾತಿಲ್ಲದೆ ಬರೆದು ನೋಡು.

ಇಂತಿ,
ನಿನ್ನ ಅಕ್ಕ