ಹಗೇವಿನಿಂದ ಹಡಗಿನ ತೊಟ್ಟಿಯವರೆಗೆ: ಮುಚ್ಚಿದ ಸ್ಥಳದ ಗಾಳಿ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಹಾದಿಯಲ್ಲಿರುವ ಕುಂಭಾರಿಗೆ ಸಮುದ್ರವು ಬಹು ದೂರ. ಅಲ್ಲಿಯ ಕನ್ನಡ ಶಾಲೆಯ ಮಗುವಿಗೆ ತೈಲ ಸಾಗಿಸುವ ಹಡಗು ಚಿತ್ರದಲ್ಲಿ ಕಂಡ ವಸ್ತುವೇ ಹೊರತು ಕಣ್ಣಾರೆ ಕಂಡುದಲ್ಲ. ಆದರೂ ಗಾಳಿಯ ಘಟಕಗಳ ಪಾಠವನ್ನು ಬೋಧಿಸುವಾಗ ಶಿಕ್ಷಕರು ಆ ಹಡಗಿನ ತೊಟ್ಟಿಯ ಮಾತನ್ನು ತರುವುದು ಉಪಯುಕ್ತ. ಆ ತೊಟ್ಟಿಯಲ್ಲಿ ಮನುಷ್ಯನನ್ನು ಕೊಲ್ಲುವ ಕಾರಣವೇ ಊರಿನ ಹಾಳು ಬಾವಿಯಲ್ಲೂ, ಶೌಚಗುಂಡಿಯಲ್ಲೂ, ಸಕ್ಕರೆ ಕಾರ್ಖಾನೆಯ ಕಾಕಂಬಿಯ ಟಾಕಿಯಲ್ಲೂ ಅಡಗಿದೆ. ಗಾಳಿಯಲ್ಲಿ ಸಾರಜನಕ ಶೇಕಡ 78, ಆಮ್ಲಜನಕ ಶೇಕಡ 21 ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಈ 21 ಎಂಬುದು ಎಲ್ಲ ಕಡೆಯೂ ಒಂದೇ ಸಮನಾಗಿ ಇರುವುದಿಲ್ಲ ಎಂಬುದನ್ನು ಮಾತ್ರ ಪಾಠವು ಹೇಳದೆ ಬಿಡುತ್ತದೆ.

ಪಾಠದ ಆರಂಭವನ್ನು ಹಗೇವಿನಿಂದ ಮಾಡಬಹುದು. ಈ ಸೀಮೆಯ ಹಿರಿಯರಿಗೆ ಹಗೇವು ಪರಿಚಿತ. ಮರಾಠಿಯಲ್ಲಿ ಅದಕ್ಕೆ ‘ಪೇವ’ ಎನ್ನುತ್ತಾರೆ. ನೆಲದಲ್ಲಿ ಆಳವಾಗಿ ತೋಡಿದ ಆ ಗುಂಡಿಗೆ ಒಳಮೈಗೆಲ್ಲ ಒಣಹುಲ್ಲು ಹೊದಿಸಿ, ಹಿಂಗಾರಿಯ ಜೋಳವನ್ನು ತುಂಬಿ, ಕಿರಿದಾದ ಬಾಯಿಯ ಮೇಲೆ ಕಲ್ಲು ಚಪ್ಪಡಿಯಿಟ್ಟು ಮಣ್ಣು ಮೆತ್ತುತ್ತಿದ್ದರು. ಬರಗಾಲದಲ್ಲಿ ಅದೇ ಊರಿನ ಆಸರೆ. ಅದನ್ನು ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ಅನಂತರ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಮನುಷ್ಯ ಇಳಿಯಬಾರದು. ಒಳಗೆ ಭೂತವಿದೆಯೆಂದು ಹೇಳುವವರೂ ಇದ್ದರು. ಆ ಮಾತು ಎಷ್ಟೋ ಮಕ್ಕಳನ್ನು ಗುಂಡಿಯಿಂದ ದೂರವಿಟ್ಟಿರಬಹುದು. ವಿಜ್ಞಾನದ ತರಗತಿಯಲ್ಲಿ ಮಾತ್ರ ಭೂತಕ್ಕೆ ಅದರ ನಿಜವಾದ ಹೆಸರನ್ನು ಕೊಡಬೇಕು.

ಕಾಳು ಜೀವವಿರುವ ವಸ್ತು, ಅದೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಕಾಳು, ಅದರೊಂದಿಗಿರುವ ಹುಳು ಮತ್ತು ಬೂಸರು ಸೇರಿ ಆಮ್ಲಜನಕವನ್ನು ಮುಗಿಸುತ್ತ ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಹುಳುಗಳು ಸಾಯುವುದರಿಂದ ಜೋಳ ಕೆಡದೆ ಉಳಿಯುತ್ತದೆ. ಕಾಳನ್ನು ಕಾಯುವ ಗಾಳಿಯೇ ಕಾಳು ತೆಗೆಯಲು ಇಳಿದವನಿಗೆ ವಿಷವಾಗುತ್ತದೆ. ಇದೇ ವಿರೋಧಾಭಾಸವನ್ನು ಹಡಗಿನ ತೊಟ್ಟಿಯಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಕಾಣಬಹುದು.

ಕಚ್ಚಾ ತೈಲವನ್ನು ಸಾಗಿಸುವ ಹಡಗಿನ ಒಡಲು ಅನೇಕ ತೊಟ್ಟಿಗಳಾಗಿ ವಿಂಗಡವಾಗಿರುತ್ತದೆ. ಒಂದೊಂದು ತೊಟ್ಟಿಯೂ ಹಲವು ಅಂತಸ್ತಿನ ಮನೆಯಷ್ಟು ಎತ್ತರ. ಮಂಗಳೂರಿನ ಪಣಂಬೂರಿನಲ್ಲಿರುವ ಬಂದರಿಗೂ ಇಂತಹ ಹಡಗುಗಳು ಬರುತ್ತವೆ. ತೈಲವನ್ನು ಇಳಿಸಿದ ಮೇಲೆಯೂ ಗೋಡೆಗಳಿಗೆ ಜಿಡ್ಡು, ತಳದಲ್ಲಿ ಕೆಸರು, ಮೇಲೆಲ್ಲ ತೈಲದ ಆವಿ ಉಳಿಯುತ್ತದೆ. ಮುಂದಿನ ಸರಕಿಗೋ ದುರಸ್ತಿಗೋ ಅದನ್ನು ತೊಳೆಯಲೇಬೇಕು. ತೈಲದ ಆವಿಯು ಗಾಳಿಯಲ್ಲಿ ಸುಮಾರು ಶೇಕಡ 1ರಿಂದ 10ರವರೆಗೆ ಬೆರೆತಿದ್ದರೆ ಒಂದು ಕಿಡಿಗೆ ಸ್ಫೋಟಿಸುತ್ತದೆ. 1969ರ ಡಿಸೆಂಬರ್ ಒಂದೇ ತಿಂಗಳಲ್ಲಿ ಮಾರ್ಪೆಸ್ಸಾ, ಮಾಕ್ಟ್ರಾ, ಕಾಂಗ್ ಹಾಕೋನ್ 7 ಎಂಬ ಮೂರು ಬೃಹತ್ ತೈಲ ಹಡಗುಗಳು ಆಫ್ರಿಕದ ಸುತ್ತಲಿನ ಸಮುದ್ರದಲ್ಲಿ ಸ್ಫೋಟಕ್ಕೆ ತುತ್ತಾದವು, ಮಾರ್ಪೆಸ್ಸಾ ಮುಳುಗಿತು. ಮೂರರಲ್ಲೂ ಖಾಲಿ ತೊಟ್ಟಿಗಳನ್ನು ತೊಳೆಯುವ ಕೆಲಸ ನಡೆದಿತ್ತು. ರಭಸದಿಂದ ಚಿಮ್ಮುವ ನೀರಿನ ತುಂತುರಿನಲ್ಲಿ ಹುಟ್ಟುವ ಸ್ಥಾಯೀ ವಿದ್ಯುತ್ತೇ ಕಿಡಿಗೆ ಕಾರಣವೆಂಬ ತೀರ್ಮಾನಕ್ಕೆ ತಜ್ಞರು ಬಂದರು. ಬಾಚಣಿಗೆಯನ್ನು ತಲೆಗೂದಲಿಗೆ ಉಜ್ಜಿ ಕಾಗದದ ಚೂರುಗಳನ್ನು ಎತ್ತುವ ಮಕ್ಕಳಿಗೆ ಈ ವಿದ್ಯುತ್ತು ಹೊಸದಲ್ಲ.

ಆ ದುರಂತಗಳ ಬಳಿಕ ತೊಟ್ಟಿಗಳಲ್ಲಿ ಜಡಾನಿಲ ತುಂಬುವ ಪದ್ಧತಿ ಬಲವಾಗಿ ಬೇರೂರಿತು. ಹಡಗಿನ ಬಾಯ್ಲರಿನ ಹೊಗೆಯನ್ನು ತೊಳೆದು ತಣಿಸಿ ಒಳಗೆ ಬಿಟ್ಟು, ಆಮ್ಲಜನಕವನ್ನು ಶೇಕಡ 8ಕ್ಕಿಂತ ಕೆಳಗೆ ಇಡುತ್ತಾರೆ. ಅಷ್ಟು ಕಡಿಮೆ ಆಮ್ಲಜನಕದಲ್ಲಿ ತೈಲದ ಆವಿ ಹೊತ್ತಿಕೊಳ್ಳದು. ಮನುಷ್ಯನೂ ಬದುಕಲಾರನು. ಬೆಂಕಿಯಿಂದ ಹಡಗನ್ನು ಕಾಯುವ ತೊಟ್ಟಿಯೇ ಒಳಗಿಳಿದವನಿಗೆ ಸಮಾಧಿಯಾಗಬಲ್ಲುದು.

ಇಲ್ಲಿ ಶಿಕ್ಷಕರು ಸ್ವಲ್ಪ ನಿಂತು ವಿವರಿಸಬೇಕಾದ ಸಂಗತಿಯೊಂದಿದೆ. ಉಸಿರುಗಟ್ಟುವ ಅನುಭವ ಆಮ್ಲಜನಕದ ಕೊರತೆಯಿಂದ ಬರುತ್ತದೆಂದು ಹೆಚ್ಚಿನವರು ತಿಳಿದಿರುತ್ತಾರೆ. ಮುಖ್ಯವಾಗಿ ಅದು ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಬರುವ ಅನುಭವ. ಸಾರಜನಕವೇ ತುಂಬಿದ ತೊಟ್ಟಿಯಲ್ಲಿ ಮನುಷ್ಯ ಆ ಅನಿಲವನ್ನು ಎಂದಿನಂತೆಯೇ ಹೊರಬಿಡುತ್ತಿರುತ್ತಾನೆ. ಆದ್ದರಿಂದ ದೇಹವು ಎಚ್ಚರಿಕೆ ಕೊಡುವುದಿಲ್ಲ. ಆಮ್ಲಜನಕ ಶೇಕಡ 16ಕ್ಕೆ ಇಳಿಯುವಾಗ ವಿವೇಚನೆ ಮಂಕಾಗುತ್ತದೆ, 10ರ ಸುಮಾರಿಗೆ ಪ್ರಜ್ಞೆ ತಪ್ಪುತ್ತದೆ, 6ಕ್ಕಿಂತ ಕೆಳಗಾದರೆ ಒಂದೆರಡು ಉಸಿರಿನಲ್ಲೇ ಕುಸಿಯುತ್ತಾನೆ. ‘ತಲೆ ತಿರುಗಿದರೆ ಮೇಲೆ ಬರುತ್ತೇನೆ’ ಎಂಬ ಧೈರ್ಯಕ್ಕೆ ಅಲ್ಲಿ ಅವಕಾಶವಿಲ್ಲ, ಏಣಿ ಹತ್ತುವ ಕೈಕಾಲುಗಳು ಆಗಲೇ ಸೋತಿರುತ್ತವೆ. ತೈಲವನ್ನೇ ಕಾಣದ ಖಾಲಿ ತೊಟ್ಟಿಯಾದರೂ ನಂಬುವಂತಿಲ್ಲ. ಬಹುಕಾಲ ಮುಚ್ಚಿಟ್ಟ ಕಬ್ಬಿಣದ ತೊಟ್ಟಿಯಲ್ಲಿ ತುಕ್ಕು ಹಿಡಿಯುವ ಕ್ರಿಯೆಯೇ ಆಮ್ಲಜನಕವನ್ನು ತಿಂದುಹಾಕುತ್ತದೆ.

ಹೀಗಾಗಿ ಹಡಗಿನಲ್ಲಿ ಒಳಗಿಳಿಯುವ ಮುನ್ನ ಬಹಳಷ್ಟು ಕೆಲಸ ನಡೆಯುತ್ತದೆ. ಮೊದಲು ಜಡಾನಿಲದಿಂದ ತೈಲದ ಆವಿಯನ್ನು ಹೊರಗಟ್ಟಿ, ಬಳಿಕ ದೊಡ್ಡ ಪಂಖಗಳಿಂದ ಶುದ್ಧ ಗಾಳಿಯನ್ನು ತುಂಬುತ್ತಾರೆ. ಮೇಲೆ, ನಡುವೆ, ತಳದಲ್ಲಿ ಬೇರೆಬೇರೆಯಾಗಿ ಅಳೆಯುತ್ತಾರೆ. ಭಾರವಾದ ಅನಿಲಗಳು ತಳದಲ್ಲಿ ಪದರವಾಗಿ ನಿಲ್ಲುತ್ತವೆ. ಆಮ್ಲಜನಕ 21ಕ್ಕೆ ಬಂದಿರಬೇಕು, ಉರಿಯುವ ಆವಿಯು ಸ್ಫೋಟದ ಕೆಳಮಿತಿಯ ಶೇಕಡ 1ಕ್ಕಿಂತ ಕಡಿಮೆಯಿರಬೇಕು, ವಿಷಾನಿಲ ಮಿತಿಯೊಳಗಿರಬೇಕು. ಜವಾಬ್ದಾರಿಯುತ ಅಧಿಕಾರಿಯ ಲಿಖಿತ ಪರವಾನಗಿ ದೊರೆತ ಮೇಲೂ ಪಂಖಗಳು ನಿಲ್ಲುವುದಿಲ್ಲ. ತೊಟ್ಟಿಯ ಬಾಯಿಯಲ್ಲಿ ಒಬ್ಬನು ಕದಲದೆ ನಿಂತಿರುತ್ತಾನೆ. ಆಮ್ಲಜನಕ, ಉರಿಯುವ ಅನಿಲ, ಹೈಡ್ರೋಜನ್ ಸಲ್ಫೈಡ್, ಇಂಗಾಲದ ಮೊನಾಕ್ಸೈಡ್ ಈ ನಾಲ್ಕನ್ನೂ ಅಳೆಯುವ ಕೈಯುಪಕರಣ ಹಡಗಿನಲ್ಲಿರಲೇಬೇಕೆಂಬ ಅಂತರರಾಷ್ಟ್ರೀಯ ನಿಯಮವು 2016ರ ಜುಲೈ 1ರಿಂದ ಜಾರಿಯಲ್ಲಿದೆ.

ಹಿರಿಯರ ಕಂದೀಲು ಈ ಉಪಕರಣದ ಅಜ್ಜ ಎನ್ನಬಹುದು. ಆದರೆ ಅಜ್ಜನ ಮಿತಿಯನ್ನೂ ಮಕ್ಕಳಿಗೆ ತಿಳಿಸದಿದ್ದರೆ ಪಾಠವೇ ಅಪಾಯಕಾರಿ. ದೀಪ ಆರಿದರೆ ಗಾಳಿ ಕೆಟ್ಟಿದೆ ಎಂಬುದು ಸರಿ. ದೀಪ ಉರಿಯುತ್ತಿದ್ದರೆ ಗಾಳಿ ಒಳ್ಳೆಯದು ಎಂಬುದು ಸರಿಯಲ್ಲ. ಇಂಗಾಲದ ಮೊನಾಕ್ಸೈಡಾಗಲಿ ಹೈಡ್ರೋಜನ್ ಸಲ್ಫೈಡಾಗಲಿ ಕೊಲ್ಲುವಷ್ಟಿದ್ದರೂ ದೀಪ ಆರದು. ತೈಲದ ತೊಟ್ಟಿಗೋ ಗೋಬರ್ ಗ್ಯಾಸಿನ ಗುಂಡಿಗೋ ದೀಪ ಇಳಿಬಿಟ್ಟರೆ ಸ್ಫೋಟವೇ ಆದೀತು. ಮೂಗನ್ನು ನಂಬುವುದೂ ತಪ್ಪು. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ವಾಸನೆ ಹಿಡಿಯುವ ನರವನ್ನೇ ಮರಗಟ್ಟಿಸುತ್ತದೆ. ನಾತ ನಿಂತಿತೆಂದು ಸಮಾಧಾನಪಡುವ ಗಳಿಗೆಯೇ ಅತ್ಯಂತ ಅಪಾಯದ್ದು.

ಇಂತಹ ಸ್ಥಳಗಳಲ್ಲಿ ಸಾವು ಒಂದಕ್ಕೇ ನಿಲ್ಲುವುದು ಅಪರೂಪ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜಪೆ ಸಮೀಪದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಯೊಳಗೆ ಒಬ್ಬ ಕಾರ್ಮಿಕ ಕುಸಿದಾಗ ಜೊತೆಗಾರರು ಅವನನ್ನು ಎತ್ತಲು ಒಬ್ಬರ ಹಿಂದೊಬ್ಬರು ಇಳಿದರು. ಬಂಗಾಳದಿಂದ ದುಡಿಯಲು ಬಂದಿದ್ದ ಐವರು ತೀರಿಕೊಂಡರು. ಮುಚ್ಚಿದ ಸ್ಥಳಗಳಲ್ಲಿ ಸತ್ತವರ ಪೈಕಿ ಶೇಕಡ 60ಕ್ಕಿಂತ ಹೆಚ್ಚಿನವರು ರಕ್ಷಿಸಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1986ರಲ್ಲಿಯೇ ಎಚ್ಚರಿಸಿತ್ತು. ಅಣ್ಣ ಬಿದ್ದಾಗ ತಮ್ಮ ಇಳಿಯುತ್ತಾನೆ, ಅಪ್ಪ ಬಿದ್ದಾಗ ಮಗ ಇಳಿಯುತ್ತಾನೆ. ಅದನ್ನು ಹೇಡಿತನ–ಧೈರ್ಯಗಳ ಮಾತಾಗಿಸಬಾರದು. ಮೇಲೆ ನಿಂತು ನೆರವು ಕರೆಯುವವನೇ ಕೆಳಗಿರುವವನಿಗೆ ಉಳಿದ ಒಂದೇ ಆಸೆ ಎಂಬುದನ್ನು ಮಗುವಿಗೆ ಮನಗಾಣಿಸುವುದು ಸುಲಭವಲ್ಲ, ಆದರೆ ಈ ಪಾಠದ ತಿರುಳು ಅದೇ. ಹಡಗುಗಳಲ್ಲಿಯೂ ತರಬೇತಾದ ನಾವಿಕರಿಗೆ ಎರಡು ತಿಂಗಳಿಗೊಮ್ಮೆ ಇದರ ತಾಲೀಮು ಕಡ್ಡಾಯವಾಗಿದೆ. ಕೇವಲ ಬುದ್ಧಿವಾದ ಸಾಲದೆಂಬುದಕ್ಕೆ ಇದೇ ಸಾಕ್ಷಿ.

ತರಗತಿಯಲ್ಲಿ ಮಾಡಬಹುದಾದ ಪ್ರಯೋಗ ಸರಳವಾಗಿದೆ. ಅಗಲ ಬಾಯಿಯ ಗಾಜಿನ ಪಾತ್ರೆಯಲ್ಲಿ ಒಂದು ಗಿಡ್ಡ, ಒಂದು ಎತ್ತರದ ಮೇಣದ ಬತ್ತಿಗಳನ್ನು ಶಿಕ್ಷಕರು ಹೊತ್ತಿಸಿಡಲಿ. ಬೇರೊಂದು ತಂಬಿಗೆಯಲ್ಲಿ ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿ, ನೊರೆ ಇಳಿದ ಮೇಲೆ ದ್ರವ ಚೆಲ್ಲದಂತೆ ಬಗ್ಗಿಸಿ, ಕಣ್ಣಿಗೆ ಕಾಣದ ಅನಿಲವನ್ನು ಪಾತ್ರೆಗೆ ನಿಧಾನವಾಗಿ ಸುರಿಯಲಿ. ಗಿಡ್ಡ ಬತ್ತಿ ಮೊದಲು ಆರುತ್ತದೆ. ಬತ್ತಿಗಳ ಮೇಲೆ ಜಾಡಿಯನ್ನು ಬೋರಲು ಹಾಕಿ ಮಾಡಿದರೆ ಫಲ ತಿರುಗಿ, ಎತ್ತರದ್ದೇ ಮೊದಲು ಆರುವುದುಂಟು; ಬಿಸಿಯಾದ ಅನಿಲ ಮೇಲೇರುವುದೇ ಅದಕ್ಕೆ ಕಾರಣ. ಜಾಣ ಮಗುವೊಂದು ಈ ಪ್ರಶ್ನೆ ಕೇಳುವ ಮೊದಲೇ ಶಿಕ್ಷಕರು ಸಿದ್ಧರಾಗಿರುವುದು ಒಳಿತು.

ಗಡಿನಾಡಿನ ಶಾಲೆಗೆ ಭಾಷೆಯ ಕೆಲಸವೂ ಇದೆ. ಕಾರ್ಖಾನೆಯ ಟಾಕಿಯ ಮೇಲಿನ ಮರಾಠಿ ಫಲಕದಲ್ಲಿ ‘ಧೋಕಾ’ ಎಂದು ಬರೆದಿದ್ದರೆ ಅದು ಮೋಸವಲ್ಲ, ಅಪಾಯ. ತುರ್ತಿಗೆ 112, ಅಗ್ನಿಶಾಮಕಕ್ಕೆ 101, ಆಂಬುಲೆನ್ಸಿಗೆ 108 ಎಂಬ ಸಂಖ್ಯೆಗಳ ಜೊತೆಗೆ ಕರೆ ಮಾಡಿದಾಗ ಆಡಬೇಕಾದ ಮಾತನ್ನೂ ಕಲಿಸಬೇಕು, ಏಕೆಂದರೆ ಆ ಕಡೆಯಿಂದ ಉತ್ತರ ಬರುವುದು ಬಹುಮಟ್ಟಿಗೆ ಮರಾಠಿಯಲ್ಲಿ. ‘ಟಾಕೀತ ಮಾಣೂಸ ಪಡಲಾ ಆಹೇ’, ‘ವಿಹಿರೀತ ಮಾಣೂಸ ಪಡಲಾ ಆಹೇ’ ಎಂಬ ಎರಡು ವಾಕ್ಯಗಳು, ಅನಂತರ ಊರಿನ ಹೆಸರು, ಹತ್ತಿರದ ಗುರುತು. ಒಬ್ಬ ವಿದ್ಯಾರ್ಥಿ ಕರೆ ಮಾಡುವವನಾಗಿ, ಇನ್ನೊಬ್ಬ ಉತ್ತರಿಸುವವನಾಗಿ, ಮೂರನೆಯವನು ಗುಂಡಿಗಿಳಿಯಲು ಓಡುವ ಗೆಳೆಯನ ತೋಳು ಹಿಡಿದು ನಿಲ್ಲಿಸುವವನಾಗಿ ಇದನ್ನು ಅಭಿನಯಿಸಲಿ. ತೋಳು ಹಿಡಿಯುವ ಪಾತ್ರವನ್ನು ಪ್ರತಿಯೊಂದು ಮಗುವೂ ಒಮ್ಮೆಯಾದರೂ ಮಾಡುವಂತೆ ಶಿಕ್ಷಕರು ಸರದಿಯನ್ನು ಬದಲಿಸುತ್ತಿರಬೇಕು.