ಹುಣ್ಣು ಒಣಗಿತೆಂದು ಔಷಧಿ ನಿಲ್ಲಿಸಬೇಡಿ

ನಾಯಿ ಪದೇಪದೇ ಹಿಂಭಾಗ ನೆಕ್ಕುತ್ತದೆ, ಮಲವಿಸರ್ಜನೆಗೆ ತಿಣುಕುತ್ತದೆ, ಬಾಲ ಮುಟ್ಟಿದರೆ ಗುರ್ರೆನ್ನುತ್ತದೆ. ಜಂತುಹುಳು ಇರಬೇಕೆಂದು ಮಾತ್ರೆ ಕೊಟ್ಟು ಸುಮ್ಮನಾಗುವವರೇ ಹೆಚ್ಚು. ಆದರೆ ಗುದದ ಸುತ್ತ ಸಣ್ಣ ತೂತುಗಳಾಗಿ ಕೀವು, ರಕ್ತ ಒಸರುತ್ತಿದ್ದರೆ, ದುರ್ವಾಸನೆಯಿದ್ದರೆ ಅದು ಭಗಂದರ ಇರಬಹುದು. ನಡುವಯಸ್ಸಿನ ಜರ್ಮನ್ ಶೆಫರ್ಡ್‌ಗಳಲ್ಲಿ ಇದು ಹೆಚ್ಚು.

ಹೊರನೋಟಕ್ಕೆ ಹೀಗೇ ಕಾಣುವ ಬೇರೆ ತೊಂದರೆಗಳೂ ಇವೆ. ಗುದದ ಎರಡೂ ಬದಿಗೆ, ಗಡಿಯಾರದ 4 ಮತ್ತು 8ರ ಜಾಗದಲ್ಲಿ, ವಾಸನೆಯ ದ್ರವ ತುಂಬಿದ ಚೀಲಗಳಿರುತ್ತವೆ. ಅವು ಕಟ್ಟಿಕೊಂಡು ಕೀವಾದರೂ ಒಡೆದು ಸೋರುತ್ತವೆ. ಸಂತಾನಹರಣ ಮಾಡಿಸದ ವಯಸ್ಸಾದ ಗಂಡುನಾಯಿಗಳಿಗೆ ಅಲ್ಲಿ ಗಂಟು ಏಳುವುದುಂಟು. ಅವುಗಳಲ್ಲಿ ಹೆಚ್ಚಿನವು ನಿರಪಾಯಕಾರಿ, ಕೆಲವು ಕ್ಯಾನ್ಸರ್. ಹಾಗಾಗಿ ಪಶುವೈದ್ಯರು ಬೆರಳು ಹಾಕಿ ಪರೀಕ್ಷಿಸಲೇಬೇಕು. ನೋವು ಜಾಸ್ತಿಯಿದ್ದರೆ ಮಂಪರಿನ ಇಂಜೆಕ್ಷನ್ ಕೊಡುತ್ತಾರೆ. ಗಂಟು ಸಿಕ್ಕರೆ ಸೂಜಿಯಿಂದ ಮಾದರಿ ತೆಗೆದು, ರಕ್ತದ ಕ್ಯಾಲ್ಸಿಯಂ ಮಟ್ಟವನ್ನೂ ನೋಡುತ್ತಾರೆ.

ಭಗಂದರ ಬರೀ ಸೋಂಕಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಅಲ್ಲಿನ ಅಂಗಾಂಶದ ಮೇಲೆ ತಿರುಗಿಬೀಳುತ್ತದೆ. ಆದ್ದರಿಂದಲೇ ಆಂಟಿಬಯೋಟಿಕ್ ಒಂದರಿಂದಲೇ ಇದು ವಾಸಿಯಾಗುವುದು ಅಪರೂಪ. ಆ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೊರಿನ್ ಈಗಿನ ಮುಖ್ಯ ಔಷಧಿ. ಜೊತೆಗೆ ಟ್ಯಾಕ್ರೊಲಿಮಸ್ ಮುಲಾಮು, ಕೆಲವೊಮ್ಮೆ ಆಹಾರ ಬದಲಾವಣೆ. ಸೈಕ್ಲೋಸ್ಪೊರಿನ್ ದುಬಾರಿ, ಶುರುವಿನಲ್ಲಿ ವಾಂತಿ, ಭೇದಿ ಆಗಬಹುದು. ಕೆಲವೇ ವಾರಗಳಲ್ಲಿ ನಾಯಿ ಗೆಲುವಾಗುತ್ತದೆ, ತೂತು ಮುಚ್ಚಲು ಮಾತ್ರ ತಿಂಗಳುಗಳೇ ಹಿಡಿಯಬಹುದು. ಮೇಲೆ ಒಣಗಿದರೂ ಒಳಗೆ ಉರಿಯೂತ ಉಳಿದಿರುತ್ತದೆ. ಅರ್ಧಕ್ಕೆ ಬಿಟ್ಟರೆ ಮರುಕಳಿಸುತ್ತದೆ. ಔಷಧಿಗೆ ಜಗ್ಗದಿದ್ದರೆ ಶಸ್ತ್ರಚಿಕಿತ್ಸೆ. ಅದರಿಂದ ಮಲದ ಹಿಡಿತ ತಪ್ಪುವ ಅಪಾಯವಿದೆ.

ಮನೆಯಲ್ಲಿ ಗಾಯವನ್ನು ಉಗುರುಬೆಚ್ಚಗಿನ ನೀರಿನಿಂದ ಮೆಲ್ಲಗೆ ತೊಳೆದು ಒರೆಸಿ. ಅರಿಶಿನ, ಬೇವಿನೆಣ್ಣೆ, ಫಿನಾಯಿಲ್ ಹಚ್ಚಬೇಡಿ. ನಿಮ್ಮ ನೋವಿನ ಮಾತ್ರೆಯನ್ನು ಕೊಡಲೇಬೇಡಿ. ಐಬುಪ್ರೊಫೆನ್ ನಾಯಿಯ ಕರುಳಿಗೆ, ಮೂತ್ರಪಿಂಡಕ್ಕೆ ವಿಷ. ನೆಕ್ಕದಂತೆ ಕೊರಳಿಗೆ ಕಾಲರ್ ಹಾಕಿ. ಮುಲಾಮನ್ನು ದೊಡ್ಡವರೇ ಗ್ಲೌಸ್ ತೊಟ್ಟು ಹಚ್ಚಲಿ.

ಮಕ್ಕಳಿಗೆ ಗದರಿಸದೆ ತಿಳಿಹೇಳಿ: ನೋವಿರುವ ನಾಯಿ ಎಷ್ಟೇ ಸಾಧುವಾದರೂ ಕಚ್ಚೀತು, ವಾಸಿಯಾಗುವವರೆಗೆ ಅದರ ಹಿಂಭಾಗ ಮುಟ್ಟಬಾರದು. ಅಕಸ್ಮಾತ್ ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪುನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಚಿಕಿತ್ಸೆ ಮುಗಿದ ಮೇಲೂ ವಾರಕ್ಕೊಮ್ಮೆ ಬಾಲವೆತ್ತಿ ನೋಡುವ ಅಭ್ಯಾಸವಿರಲಿ. ರೋಗ ಮರಳಿದರೂ ಬೇಗ ಗೊತ್ತಾದರೆ ಹತೋಟಿಗೆ ತರುವುದು ಸುಲಭ.